ನಮ್ಮ ಕಥಾಸಾಹಿತ್ಯದಲ್ಲಿಯ ಕಲ್ಪಿತ ಯಂತ್ರಗಳು

೧

ಮನುಷ್ಯನಿಗೆ ರೆಕ್ಕೆಗಳಿಲ್ಲ. ಗೋಡೆಯ ಆಚೆಗಿರುವುದನ್ನು ಕಾಣುವ ಕಣ್ಣು ಅವನಿಗಿಲ್ಲ. ನೀರೊಳಗೆ ನೆಲೆಸುವ ಉಸಿರಿಲ್ಲ. ಅಗಲಿ ಹೋದವರನ್ನು ಮರಳಿ ಕರೆಯುವ ಶಕ್ತಿಯಂತೂ ಇಲ್ಲವೇ ಇಲ್ಲ. ತನ್ನ ಈ ಕೊರತೆಗಳನ್ನು ಅವನು ಬಲ್ಲನಾದುದರಿಂದಲೇ ಅವುಗಳನ್ನು ತುಂಬಿಕೊಡುವ ಸಾಧನಗಳನ್ನು ಕೈಯಿಂದ ಮಾಡುವುದಕ್ಕೆ ಎಷ್ಟೋ ಮೊದಲು ಮಾತಿನಿಂದ ಮಾಡಿಕೊಂಡನು. ಆಕಾಶಕ್ಕೆ ಏರುವ ಮರದ ಹಕ್ಕಿ, ದಣಿಯದೆ ದುಡಿಯುವ ಮರದ ಆಳು, ಕೀಲು ಮುಟ್ಟಿದೊಡನೆ ಮಾತಾಡುವ ಬೊಂಬೆ ಇವೆಲ್ಲ ನಮ್ಮ ಪ್ರಾಚೀನ ಕಥಾಸಾಹಿತ್ಯದಲ್ಲಿ ಬೇಕಾದಷ್ಟಿವೆ. ಅವುಗಳನ್ನು ಹೇಗೆ ಓದಬೇಕೆಂಬುದೇ ಪ್ರಸ್ತುತ ಲೇಖನದ ವಿಷಯ.

ಈ ಯಂತ್ರಗಳ ಮಾತು ಬಂದಾಗ ನಮ್ಮಲ್ಲಿ ಸಾಮಾನ್ಯವಾಗಿ ಎರಡು ಪಕ್ಷಗಳು ಏಳುತ್ತವೆ. ಇವು ಒಂದು ಕಾಲಕ್ಕೆ ನಿಜವಾಗಿಯೇ ಇದ್ದವು, ಕಾಲಗತಿಯಲ್ಲಿ ವಿದ್ಯೆ ನಷ್ಟವಾಯಿತು, ಕಥೆಗಳು ಅದರ ನೆನಪು ಎಂದು ಒಂದು ಪಕ್ಷದವರು ಹೇಳುತ್ತಾರೆ. ಇವು ಅಡಗೂಲಜ್ಜಿಯ ಕಥೆಗಳು, ಮಕ್ಕಳ ಮನರಂಜನೆಯಿಂದ ಆಚೆಗೆ ಇವುಗಳಿಗೆ ಬೆಲೆಯಿಲ್ಲ ಎಂದು ಇನ್ನೊಂದು ಪಕ್ಷದವರು ಹೇಳುತ್ತಾರೆ. ಮೊದಲಿನವರಿಗೆ ಕಥೆ ಸಾಕ್ಷಿ, ಎರಡನೆಯವರಿಗೆ ಅದು ಸುಳ್ಳು. ಕಥೆಯನ್ನು ಕಥೆಯಾಗಿ ಓದುವ ಶ್ರಮವನ್ನು ಇಬ್ಬರೂ ತೆಗೆದುಕೊಂಡಿಲ್ಲ.

ಹೊರನಾಡಿನಲ್ಲಿ ನೆಲಸಿದ ನಮಗಂತೂ ಮೊದಲಿನ ಪಕ್ಷದ ಸೆಳೆತ ಹೆಚ್ಚು. ಅನ್ಯಭಾಷೆಯ ನೆರೆಹೊರೆಯಲ್ಲಿ, ತವರೂರಿನಿಂದ ದೂರವಾಗಿ ಬದುಕುವವನಿಗೆ ಹಿರಿಯರ ಹಿರಿಮೆಯ ಮಾತು ಚಳಿಗಾಲದ ಕಂಬಳಿಯಂತೆ ಹಿತವಾಗುತ್ತದೆ. ನಮ್ಮ ಸಂಘಗಳ ಸಭೆಗಳಲ್ಲಿ 'ಇದೆಲ್ಲ ನಮ್ಮಲ್ಲಿ ಮೊದಲೇ ಇತ್ತು' ಎಂಬ ವಾಕ್ಯಕ್ಕೆ ಬೀಳುವಷ್ಟು ಚಪ್ಪಾಳೆ ಬೇರಾವ ವಾಕ್ಯಕ್ಕೂ ಬೀಳುವುದಿಲ್ಲ. ಆ ಚಪ್ಪಾಳೆಯಲ್ಲಿ ನನ್ನ ಕೈಯೂ ಒಮ್ಮೊಮ್ಮೆ ಸೇರಿದ್ದುಂಟು. ಆದುದರಿಂದ ಈ ವಿಮರ್ಶೆಯನ್ನು ಪರರ ಮೇಲಿನ ದೂರೆಂದು ವಾಚಕರು ತಿಳಿಯಬಾರದು.

ನನ್ನ ಮತ ಸಂಕ್ಷೇಪವಾಗಿ ಇದು: ನಮ್ಮ ಕಥೆಗಾರರು ಯಂತ್ರವನ್ನು ಕಲ್ಪಿಸಿದಾಗ ಅದರ ಶಕ್ತಿಯೊಡನೆ ಅದರ ಎಲ್ಲೆಯನ್ನೂ ಕಲ್ಪಿಸಿದ್ದಾರೆ. ಯಂತ್ರ ಏನನ್ನು ಮಾಡಿತು ಎಂಬುದು ಕಥೆಯ ಬೆರಗು. ಏನನ್ನು ಮಾಡಲಾರದೆ ಹೋಯಿತು ಎಂಬುದು ಅದರ ಅರ್ಥ. ಎರಡನೆಯದನ್ನು ಬಿಟ್ಟು ಮೊದಲನೆಯದನ್ನು ಮಾತ್ರ ಎತ್ತಿಕೊಂಡರೆ ನಮಗೆ ಕಾವ್ಯವೂ ದಕ್ಕುವುದಿಲ್ಲ, ವಿಜ್ಞಾನವೂ ದಕ್ಕುವುದಿಲ್ಲ.

೨

ಮೊದಲು ವರಕ್ಕೂ ಯಂತ್ರಕ್ಕೂ ಇರುವ ಭೇದವನ್ನು ಗಮನಿಸಬೇಕು. ವನವಾಸದಲ್ಲಿ ಪಾಂಡವರಿಗೆ ಸೂರ್ಯನಿಂದ ದೊರೆತ ಅಕ್ಷಯಪಾತ್ರೆ ಎಷ್ಟು ಜನರಿಗೆ ಬೇಕಾದರೂ ಉಣಿಸುತ್ತದೆ. ಆದರೆ ಅದು ದ್ರೌಪದಿಯ ಊಟ ಮುಗಿಯುವ ತನಕ ಮಾತ್ರ. ಹಿರಣ್ಯಕಶಿಪುವಿನ ವರ ಒಳಗನ್ನೂ ಹೊರಗನ್ನೂ ನೆನೆದು ನಡುವಿನ ಹೊಸ್ತಿಲನ್ನು ಮರೆತಿತ್ತು. ಇಲ್ಲಿ ಮಿತಿ ಇರುವುದು ಕೊಟ್ಟವರ ಮಾತಿನಲ್ಲಿ. ಬೇಡಿದವನು ಅದನ್ನು ಪಡೆದನೇ ಹೊರತು ಮಾಡಲಿಲ್ಲ.

ಯಂತ್ರದ ಸಂಗತಿ ಬೇರೆ. ಅದನ್ನು ಮಾಡುವವನು ಬಡಗಿ. ಅವನಿಗೆ ಬೇಕಾದುದು ತಪಸ್ಸಲ್ಲ, ಕೈಚಳಕ. ಅವನ ಸಾಮಗ್ರಿ ಮರ, ದಾರ, ಕೀಲು. ಆದುದರಿಂದ ಯಂತ್ರದ ಕಥೆಯೆಂದರೆ ಮನುಷ್ಯ ತನ್ನ ಸಾಮರ್ಥ್ಯವನ್ನೇ ಹಿಗ್ಗಿಸಿ ನೋಡಿಕೊಂಡ ಕಥೆ. ಅಲ್ಲಿ ಸೋಲು ಬಂದರೆ ಅದನ್ನು ದೇವರ ಮಾತಿನ ಮೇಲೆ ಹಾಕುವಂತಿಲ್ಲ. ಮನಸ್ಸಿನ ಆಜ್ಞೆಯಂತೆ ಚಲಿಸುವ ಪುಷ್ಪಕವನ್ನು ನಾನು ಈ ಲೇಖನದಲ್ಲಿ ಬಿಟ್ಟಿರುವುದು ಇದೇ ಕಾರಣದಿಂದ. ಅದು ದೇವಶಿಲ್ಪಿಯ ಕೆಲಸ, ಕುಬೇರನ ಸೊತ್ತು. ನಮ್ಮ ಊರ ಬಡಗಿಗೂ ಅದಕ್ಕೂ ಸಂಬಂಧವಿಲ್ಲ.

೩

ಯಂತ್ರಕಥೆಗಳ ದೊಡ್ಡ ಗಣಿ ಗುಣಾಢ್ಯನ ಬೃಹತ್ಕಥೆಯ ಪರಂಪರೆ. ಪೈಶಾಚಿಯಲ್ಲಿದ್ದ ಮೂಲ ಇಂದು ಉಳಿದಿಲ್ಲ. ಅದರಿಂದ ಹುಟ್ಟಿದ ಸಂಸ್ಕೃತ ಕೃತಿಗಳು ಉಳಿದಿವೆ. ಕನ್ನಡ ನಾಡಿಗೂ ಆ ಪರಂಪರೆಗೂ ಇರುವ ನಂಟು ಹಳೆಯದು. ಗಂಗರಾಜ ದುರ್ವಿನೀತನು ವಡ್ಡಕಥೆಯನ್ನು ಸಂಸ್ಕೃತಕ್ಕೆ ತಂದನೆಂದು ತಾಮ್ರಶಾಸನ ಹೇಳುತ್ತದೆ. ಹನ್ನೊಂದನೆಯ ಶತಮಾನದ ದುರ್ಗಸಿಂಹನು ತನ್ನ ಪಂಚತಂತ್ರದ ಮೂಲವನ್ನು ಗುಣಾಢ್ಯನ ತನಕ ಒಯ್ಯುತ್ತಾನೆ. ಅದೇ ಶತಮಾನದಲ್ಲಿ ಕಾಶ್ಮೀರದ ಸೋಮದೇವನು ರಚಿಸಿದ ಕಥಾಸರಿತ್ಸಾಗರದಲ್ಲಿ ನಮ್ಮ ವಿಷಯಕ್ಕೆ ಮುಖ್ಯವಾದ ಎರಡು ಪ್ರಸಂಗಗಳಿವೆ.

ಮೊದಲನೆಯದು ಬೊಂಬೆಗಳ ಪ್ರಸಂಗ. ಮಯಾಸುರನ ಮಗಳಾದ ಸೋಮಪ್ರಭೆ ತನ್ನ ಗೆಳತಿ ಕಲಿಂಗಸೇನೆಗೆ ಬುಟ್ಟಿಯ ತುಂಬ ಮರದ ಬೊಂಬೆಗಳನ್ನು ತರುತ್ತಾಳೆ. ಕೀಲು ಮುಟ್ಟಿದರೆ ಒಂದು ಬೊಂಬೆ ಆಕಾಶಮಾರ್ಗದಿಂದ ಹೋಗಿ ಹೂಮಾಲೆಯನ್ನು ತರುತ್ತದೆ, ಒಂದು ನೀರು ತರುತ್ತದೆ, ಒಂದು ಕುಣಿಯುತ್ತದೆ, ಇನ್ನೊಂದು ಮಾತಾಡುತ್ತದೆ. ಕಲಿಂಗಸೇನೆ ಊಟ ಮರೆತು ನೋಡುತ್ತಾಳೆ. ಮಗಳಿಗೆ ಏನೋ ಜಾಡ್ಯವೆಂದು ತಾಯಿ ಹೆದರುತ್ತಾಳೆ. ಮುಂದೆ ಸೋಮಪ್ರಭೆ ತನ್ನ ತಂದೆಯ ಯಂತ್ರವಿದ್ಯೆಯನ್ನು ಪಂಚಭೂತಗಳ ಕ್ರಮದಲ್ಲಿ ವಿವರಿಸುತ್ತಾಳೆ. ಪೃಥ್ವಿಯ ಯಂತ್ರ ಬಾಗಿಲುಗಳನ್ನು ಮುಚ್ಚುತ್ತದೆ. ಜಲದ ಯಂತ್ರ ಜೀವವಿರುವಂತೆ ತೋರುತ್ತದೆ. ತೇಜಸ್ಸಿನ ಯಂತ್ರ ಜ್ವಾಲೆಯನ್ನು ಕಾರುತ್ತದೆ. ವಾಯುವಿನ ಯಂತ್ರ ಹೋಗಿಬರುವ ಕೆಲಸ ಮಾಡುತ್ತದೆ. ಆಕಾಶದ ಯಂತ್ರ ನುಡಿಯನ್ನು ಹೊರಡಿಸುತ್ತದೆ. ಇವೆಲ್ಲ ತನಗೆ ತಂದೆಯಿಂದ ಬಂದವು. ಆದರೆ ಅಮೃತವನ್ನು ಕಾಯುವ ಚಕ್ರಯಂತ್ರವನ್ನು ಮಾತ್ರ ತಂದೆಯೊಬ್ಬನೇ ಬಲ್ಲನೆಂದು ಅವಳು ಸೇರಿಸುತ್ತಾಳೆ.

ಈ ಕೊನೆಯ ಮಾತನ್ನು ಓದುಗರು ಸುಲಭವಾಗಿ ದಾಟಿಬಿಡುತ್ತಾರೆ. ಆದರೆ ಮೆಟ್ಟಿಲುಗಳ ಜೋಡಣೆಯನ್ನು ನೋಡಬೇಕು. ಬಾಗಿಲಿನಿಂದ ಆರಂಭಿಸಿ ಚಲನೆಯ ತನಕ, ಚಲನೆಯಿಂದ ಮಾತಿನ ತನಕ ಯಂತ್ರ ಏರುತ್ತದೆ. ಮಾತಿನ ಮೇಲೆ ಉಳಿದಿರುವುದು ಒಂದೇ ಮೆಟ್ಟಿಲು, ಸಾವಿನ ಪರಿಹಾರ. ಕಥೆಗಾರನು ಅಲ್ಲಿಗೆ ಬಂದು ನಿಲ್ಲುತ್ತಾನೆ. ಅಸಾಧ್ಯವಾದುದನ್ನು ಕಲ್ಪಿಸಲು ಅವನಿಗೆ ತಡೆಯೇನೂ ಇರಲಿಲ್ಲ. ಹಾರುವ ಬೊಂಬೆಯನ್ನು ಮಾಡಿದವನು ಅಮೃತದ ಬೊಂಬೆಯನ್ನೂ ಮಾಡಬಹುದಿತ್ತು. ಮಾಡಲಿಲ್ಲ. ಆಟಿಕೆಗಳ ಬುಟ್ಟಿಯಲ್ಲಿ ಅದಕ್ಕೆ ಸ್ಥಳವಿಲ್ಲವೆಂದು ಅವನಿಗೆ ತಿಳಿದಿತ್ತು.

ಎರಡನೆಯದು ಮರದ ಜನರ ನಗರ. ಕರ್ಪೂರಿಕೆಯನ್ನು ಅರಸುತ್ತ ಹೊರಟ ನರವಾಹನದತ್ತನು ಕಡಲ ಹತ್ತಿರ ಒಂದು ಊರನ್ನು ಹೊಗುತ್ತಾನೆ. ಅಂಗಡಿ ಬೀದಿಯಲ್ಲಿ ವರ್ತಕರು, ಹೆಂಗಸರು, ಪುರಜನರು ಎಲ್ಲರೂ ಓಡಾಡುತ್ತಿದ್ದಾರೆ. ಆದರೆ ಎಲ್ಲರೂ ಮರದ ಯಂತ್ರಗಳು. ನಡೆಯಲ್ಲಿ ಜೀವಿಗಳಂತೆಯೇ ಇರುವ ಇವರು ನಿರ್ಜೀವರೆಂದು ತಿಳಿಯುವುದು ಮಾತಿಲ್ಲದ್ದರಿಂದ ಮಾತ್ರ. ಅರಮನೆಯಲ್ಲಿ ಒಬ್ಬನೇ ಒಬ್ಬ ಸಜೀವ ಮನುಷ್ಯನಿದ್ದಾನೆ. ಅವನು ರಾಜ್ಯಧರ, ಕಂಚಿಯ ಬಡಗಿ.

ಅವನ ವೃತ್ತಾಂತ ಹೀಗಿದೆ. ರಾಜ್ಯಧರನೂ ಅವನ ಅಣ್ಣ ಪ್ರಾಣಧರನೂ ಯಂತ್ರವಿದ್ಯೆಯಲ್ಲಿ ನಿಪುಣರು. ಗಣಿಕೆಯರ ಸಹವಾಸದಲ್ಲಿ ಹಣ ಕಳೆದುಕೊಂಡ ಅಣ್ಣ ದಾರದಿಂದ ನಡೆಯುವ ಎರಡು ಹಂಸಗಳನ್ನು ಮಾಡುತ್ತಾನೆ. ಅವು ರಾತ್ರಿ ಕಿಟಕಿಯಿಂದ ಅರಸನ ಭಂಡಾರವನ್ನು ಹೊಕ್ಕು ಒಡವೆಗಳನ್ನು ಕೊಕ್ಕಿನಿಂದ ಎತ್ತಿ ತರುತ್ತವೆ. ಕೊನೆಗೆ ಹಂಸಗಳು ಸಿಕ್ಕಿಬೀಳುತ್ತವೆ. ಇಂಥ ಯಂತ್ರವನ್ನು ಮಾಡಬಲ್ಲವರು ಊರಿನಲ್ಲಿ ತಾವಿಬ್ಬರೇ ಆದುದರಿಂದ ಇನ್ನು ಅಲ್ಲಿ ಉಳಿಯುವಂತಿಲ್ಲವೆಂದು ಅಣ್ಣತಮ್ಮಂದಿರು ಹಾರುವ ರಥಗಳನ್ನೇರಿ ಬೇರೆ ಬೇರೆ ದಿಕ್ಕಿಗೆ ಓಡುತ್ತಾರೆ. ಕೌಶಲವೇ ಅಪರಾಧದ ಗುರುತಾದುದನ್ನು ಇಲ್ಲಿ ಗಮನಿಸಬೇಕು. ರಾಜ್ಯಧರನ ರಥ ಒಮ್ಮೆ ಕೀಲೊತ್ತಿದರೆ ಇನ್ನೂರು ಯೋಜನ ಹೋಗುವಂಥದು. ಕಡಲು ಸಮೀಪಿಸಿದಾಗ ಅಂಜಿ ಅವನು ರಥವನ್ನು ಬಿಟ್ಟು ಕಾಲ್ನಡೆಯಿಂದ ಈ ಬರಿದಾದ ನಗರಕ್ಕೆ ಬರುತ್ತಾನೆ. ಹೊತ್ತು ಹೊತ್ತಿಗೆ ಅನ್ನ ಕಾಣದ ಕೈಯಿಂದ ಬರುತ್ತದೆ. ಹೊಟ್ಟೆಯ ಚಿಂತೆಯಿಲ್ಲ, ಆದರೆ ಸಂಗಡಿಗರಿಲ್ಲ. ಆಗ ಅವನು ಮರದಿಂದ ಪ್ರಜೆಗಳನ್ನು ಮಾಡಿಕೊಂಡು ತಾನೇ ರಾಜನಾಗುತ್ತಾನೆ.

ಸೋಮದೇವನ ಕೃತಿಯಲ್ಲಿಯೇ ಬೇರೆಡೆ ಬೊಂಬೆ ಮಾತಾಡಿತ್ತು. ಇಲ್ಲಿ ಇಡೀ ನಗರವನ್ನು ನಡೆಸುವ ಬಡಗಿಗೆ ಒಂದು ಮಾತನ್ನು ಮಾಡಿಕೊಳ್ಳಲು ಆಗಲಿಲ್ಲ. ಮಾಡಿದ್ದರೂ ತಾನು ತುಂಬಿದ ಮಾತನ್ನೇ ತಾನು ಕೇಳಬೇಕಾಗುತ್ತಿತ್ತು. ನರವಾಹನದತ್ತನು ಬಂದೊಡನೆ ಅವನು ಆದರಿಸಿ, ಮೊದಲಿನಿಂದ ಕೊನೆಯ ತನಕ ತನ್ನ ಬಾಳಿನ ಕಥೆಯನ್ನು ಹೇಳಿಕೊಳ್ಳುತ್ತಾನೆ. ಅವನಿಗೆ ಬೇಕಾಗಿದ್ದವನು ಸೇವಕನಲ್ಲ, ಕೇಳುಗ. ಮಹಾನಗರದ ಜನಸಂದಣಿಯಲ್ಲಿ ದಿನವೆಲ್ಲ ತನ್ನ ನುಡಿ ಕಿವಿಗೆ ಬೀಳದೆ ತಿರುಗಿದ ಹೊರನಾಡ ಕನ್ನಡಿಗನಿಗೆ ಈ ನಗರದ ಮೌನ ತೀರ ಅಪರಿಚಿತವಲ್ಲ. ನಮ್ಮ ಸುತ್ತಲಿನವರು ಮರದವರೆಂದು ಇದರ ಅರ್ಥವಲ್ಲ. ಅವರ ಮಾತಿಗೆ ನಮ್ಮ ಕಿವಿ ಪಳಗಲು ಕಾಲ ಬೇಕಾಯಿತು, ಅಷ್ಟೆ. ಆದರೆ ಸುತ್ತ ಚಲನೆಯಿದ್ದು ಸಂವಾದವಿಲ್ಲದಿರುವುದು ಎಂಥ ಬಡತನವೆಂಬುದನ್ನು ಸಾವಿರ ವರ್ಷಗಳ ಹಿಂದಿನ ಈ ಬಡಗಿ ನಮಗಿಂತ ಚೆನ್ನಾಗಿ ಬಲ್ಲನು.

೪

ಅದೇ ಬೃಹತ್ಕಥೆಯಿಂದ ಹುಟ್ಟಿದ ಇನ್ನೊಂದು ಕೃತಿ ಬುಧಸ್ವಾಮಿಯ ಬೃಹತ್ಕಥಾಶ್ಲೋಕಸಂಗ್ರಹ. ಇದರಲ್ಲಿ ಗರ್ಭಿಣಿಯಾದ ವಾಸವದತ್ತೆಗೆ ಆಕಾಶದಲ್ಲಿ ಸಂಚರಿಸುವ ಬಯಕೆ ಹುಟ್ಟುತ್ತದೆ. ಅರಮನೆಯ ಬಡಗಿಗಳನ್ನು ಕರೆಸಿದಾಗ, ನೀರಿನ, ಕಲ್ಲಿನ, ಧೂಳಿನ ಯಂತ್ರಗಳನ್ನು ತಾವು ಬಲ್ಲೆವು, ಆಕಾಶಯಂತ್ರಗಳನ್ನು ಬಲ್ಲವರು ಯವನರು ಎಂದು ಅವರು ಕೈಮುಗಿಯುತ್ತಾರೆ. ಬಳಿಕ ಬರುವ ಉಪಕಥೆಯಲ್ಲಿ ವಿಶ್ವಿಲನೆಂಬ ಬಡಗಿ ಯವನರಿಂದ ಆ ವಿದ್ಯೆಯನ್ನು ಕಲಿತು ಕೋಳಿಯ ಆಕಾರದ ಯಂತ್ರದಲ್ಲಿ ಹಾರುತ್ತಾನೆ. ಅವನ ಮಾವನ ಮೂಲಕ ಅರಸನು ಗುಟ್ಟನ್ನು ಕೇಳಿದಾಗ ಕೊಡದೆ ಹೆಂಡತಿಯೊಡನೆ ರಾತ್ರೋರಾತ್ರಿ ಹಾರಿಹೋಗುತ್ತಾನೆ.

'ಎಲ್ಲವೂ ನಮ್ಮಲ್ಲಿ ಮೊದಲೇ ಇತ್ತು' ಎನ್ನುವವರಿಗೆ ನಮ್ಮದೇ ಆದ ಈ ಹಳೆಯ ಕೃತಿ ಕೊಡುವ ಉತ್ತರ ಸ್ವಾರಸ್ಯವಾಗಿದೆ. ಕಥೆಯೊಳಗಿನ ಬಡಗಿಗೆ ತನ್ನ ಕೈ ಎಲ್ಲಿಯ ತನಕ ಹೋಗುತ್ತದೆಂಬ ಅರಿವಿದೆ. ಅದನ್ನು ಹೇಳಿಕೊಳ್ಳಲು ನಾಚಿಕೆಯಿಲ್ಲ. ಪರದೇಶದವರಿಗೆ ಹೆಚ್ಚಿನ ವಿದ್ಯೆಯಿರಬಹುದೆಂದು ಒಪ್ಪಿಕೊಳ್ಳಲು ಸಂಕೋಚವೂ ಇಲ್ಲ. ಯವನರ ಬಳಿ ಹಾರುವ ಕೋಳಿ ಇತ್ತೆಂದು ಇದರಿಂದ ಸಿದ್ಧವಾಗುವುದಿಲ್ಲ. ತನಗೆ ತಿಳಿಯದುದನ್ನು ದೂರದವರ ಲೆಕ್ಕಕ್ಕೆ ಬರೆಯುವುದು ಮನುಷ್ಯಸ್ವಭಾವ. ಆದರೆ ಆ ಸ್ವಭಾವದಲ್ಲಿಯೂ ಒಂದು ವಿನಯವಿದೆ.

ಧಾರಾನಗರದ ಭೋಜರಾಜನ ಸಮರಾಂಗಣಸೂತ್ರಧಾರ ಕಥೆಯಲ್ಲ, ಶಾಸ್ತ್ರ. ಆದರೂ ಅದರ ಮೂವತ್ತೊಂದನೆಯ ಅಧ್ಯಾಯವನ್ನು ಇಲ್ಲಿ ನೆನೆಯಬೇಕು. ಲಘುವಾದ ಮರದ ಮಹಾವಿಹಂಗದ ಹೊಟ್ಟೆಯಲ್ಲಿ ಪಾದರಸವನ್ನಿರಿಸಿ ಕೆಳಗೆ ಬೆಂಕಿಯುರಿಸಿದರೆ ಅದು ಮೇಲೇರುತ್ತದೆಂದು ಭೋಜನು ಹೇಳುತ್ತಾನೆ. ಅದರ ರಚನೆಯನ್ನು ವಿವರವಾಗಿ ಹೇಳದಿರುವುದು ಗೋಪ್ಯಕ್ಕಾಗಿ, ಅಜ್ಞಾನದಿಂದಲ್ಲ, ಎಂಬ ಸಮಾಧಾನವೂ ಅಲ್ಲಿದೆ. ಆದರೆ ಅದೇ ಅಧ್ಯಾಯದಲ್ಲಿ ಧಾರಾಗೃಹಗಳ, ಎಂದರೆ ನೀರು ಚಿಮ್ಮುವ ವಿಹಾರಗೃಹಗಳ, ವರ್ಣನೆ ಎಷ್ಟು ದೀರ್ಘ, ಎಷ್ಟು ವಿವರಪೂರ್ಣ! ಐದು ಪ್ರಕಾರಗಳನ್ನು ಹೆಸರಿಸಿ, ನೀರು ಎಲ್ಲಿಂದ ಬಂದು ಎಲ್ಲಿ ಹೊರಡಬೇಕೆಂಬುದನ್ನು ಅವನು ಹೇಳುತ್ತಾನೆ. ಅಲ್ಲಿ ಗುಟ್ಟಿನ ಮಾತಿಲ್ಲ. ಕೈಗೆ ಸಾಧ್ಯವಾದ ಕಡೆ ಶಾಸ್ತ್ರ ಬಾಯಿ ತುಂಬ ಮಾತಾಡಿದೆ. ಆಸೆ ಮಾತ್ರವಿದ್ದ ಕಡೆ ಗೋಪ್ಯದ ತೆರೆಯನ್ನೆಳೆದಿದೆ. ಗ್ರಂಥದ ಸತ್ಯಾಸತ್ಯವನ್ನು ಹೊರಗಿನ ಪ್ರಮಾಣವಿಲ್ಲದೆ ಒಳಗಿನಿಂದಲೇ ಅಳೆಯಲು ಇಷ್ಟು ಸಾಕು.

೫

ಪಂಚತಂತ್ರದ ಪೂರ್ಣಭದ್ರನ ಪಾಠದಲ್ಲಿ, ಎಂದರೆ ೧೧೯೯ರ ರೂಪದಲ್ಲಿ, ವಿಷ್ಣುವಾದ ನೇಕಾರನ ಕಥೆಯಿದೆ. ನೇಕಾರನು ರಾಜಕುಮಾರಿಯನ್ನು ಕಂಡು ಮರುಳಾಗುತ್ತಾನೆ. ಅವನ ಸ್ನೇಹಿತನಾದ ಬಡಗಿ ಕೀಲಿನಿಂದ ಹಾರುವ ಮರದ ಗರುಡನನ್ನು ಮಾಡಿಕೊಡುತ್ತಾನೆ. ನೇಕಾರ ಅದನ್ನೇರಿ ಶಂಖಚಕ್ರಗಳನ್ನು ಧರಿಸಿ ಅಂತಃಪುರಕ್ಕೆ ಇಳಿಯುತ್ತಾನೆ. ಸಾಕ್ಷಾತ್ ವಿಷ್ಣುವೇ ಬಂದನೆಂದು ರಾಜಕುಮಾರಿ ಅವನನ್ನು ವರಿಸುತ್ತಾಳೆ. ಅಳಿಯನೇ ವಿಷ್ಣುವಾದ ಮೇಲೆ ತನಗಿನ್ನಾರ ಭಯವೆಂದು ಅರಸನು ನೆರೆಯ ರಾಜರನ್ನೆಲ್ಲ ಕೆಣಕುತ್ತಾನೆ. ಶತ್ರುಗಳು ನಗರವನ್ನು ಮುತ್ತುತ್ತಾರೆ. ಈಗ ಅಳಿಯ ಯುದ್ಧಕ್ಕೆ ಹೋಗಬೇಕು.

ಯಂತ್ರ ಕೆಟ್ಟಿಲ್ಲ, ಗರುಡ ಮೊದಲಿನಂತೆಯೇ ಹಾರುತ್ತದೆ. ಆದರೆ ಉಪ್ಪರಿಗೆಗೆ ಏರಿಸಿದ ಯಂತ್ರ ರಣರಂಗದಲ್ಲಿ ಕಾಪಾಡಲಾರದು. ಹೆಂಡತಿಯನ್ನು ಕಳೆದುಕೊಂಡು ಬದುಕುವುದಕ್ಕಿಂತ ಹೋರಾಡಿ ಸಾಯುವುದೇ ಲೇಸೆಂದು ನೇಕಾರ ನಿಶ್ಚಯಿಸುತ್ತಾನೆ. ಅಲ್ಲಿಯವರೆಗೆ ವೇಷಧಾರಿಯಾಗಿದ್ದವನು ಮೊದಲ ಬಾರಿಗೆ ತನ್ನ ಮೈಯನ್ನು ಪಣಕ್ಕೆ ಒಡ್ಡುತ್ತಾನೆ. ಆಗ ವೈಕುಂಠದಲ್ಲಿ ಚಿಂತೆ ಹುಟ್ಟುತ್ತದೆ: ಇವನು ಸತ್ತರೆ ವಿಷ್ಣುವೇ ಸತ್ತನೆಂದು ಜನ ಪೂಜೆಯನ್ನು ಬಿಡುತ್ತಾರೆ! ತನ್ನ ಮರ್ಯಾದೆಗಾಗಿ ವಿಷ್ಣು ನೇಕಾರನ ಮೈಯನ್ನೂ ಗರುಡ ಮರದ ಹಕ್ಕಿಯನ್ನೂ ಹೊಗುತ್ತಾರೆ; ಶತ್ರುಗಳು ನಾಶವಾಗುತ್ತಾರೆ. ನೇಕಾರ ನಿಜವನ್ನು ಒಪ್ಪಿಕೊಂಡು ರಾಜಕುಮಾರಿಯನ್ನು ಧರ್ಮವಾಗಿಯೇ ಪಡೆಯುತ್ತಾನೆ.

ಇದು ನಗೆಯ ಕಥೆ. ಕಥೆಗಾರನು ದೇವರನ್ನೂ ನಗೆಯಿಂದ ಹೊರಗಿಟ್ಟಿಲ್ಲ. ಆದರೆ ಅದರ ತಿರುಳು ಗಂಭೀರವಾದುದು. ಬಡಗಿ ಗೆಳೆಯನಿಗೆ ರೆಕ್ಕೆಯನ್ನು ಮಾಡಿಕೊಡಬಲ್ಲ, ಧೈರ್ಯವನ್ನು ಮಾಡಿಕೊಡಲಾರ. ಅಷ್ಟೇ ಅಲ್ಲ, ಯಂತ್ರದ ಬಲವನ್ನು ತನ್ನ ಬಲವೆಂದು ನಂಬಿ ನೆರೆಯವರ ಮೇಲೆ ಬಿದ್ದವನು ನೇಕಾರನಲ್ಲ, ಆಳುವ ಅರಸ. ಇಂದಿನ ರಾಜ್ಯಗಳು ಈ ಭಾಗವನ್ನು ಎರಡು ಸಲ ಓದಬೇಕು.

೬

ಈಗ ಕನ್ನಡಕ್ಕೆ ಬರೋಣ. ಜೀವಂಧರನ ಕಥೆ ಜೈನ ಸಾಹಿತ್ಯದಲ್ಲಿ ಪ್ರಸಿದ್ಧವಾದುದು. ಸಂಸ್ಕೃತದಲ್ಲಿ ವಾದೀಭಸಿಂಹನು ಕ್ಷತ್ರಚೂಡಾಮಣಿ, ಗದ್ಯಚಿಂತಾಮಣಿಗಳಲ್ಲಿಯೂ ತಮಿಳಿನಲ್ಲಿ ತಿರುತ್ತಕ್ಕದೇವನು ಜೀವಕಚಿಂತಾಮಣಿಯಲ್ಲಿಯೂ ಅದನ್ನು ಹೇಳಿದ್ದಾರೆ. ಕನ್ನಡದಲ್ಲಿ ಭಾಸ್ಕರನು ೧೪೨೪ರಲ್ಲಿ ಜೀವಂಧರಚರಿತೆಯನ್ನು ಭಾಮಿನೀ ಷಟ್ಪದಿಯಲ್ಲಿ ರಚಿಸಿದನು; ತೆರಕಣಾಂಬಿ ಬೊಮ್ಮರಸನ ಸಾಂಗತ್ಯವೂ ಕೋಟೇಶ್ವರನ ಷಟ್ಪದಿಯೂ ಅದೇ ಕಥೆಯನ್ನು 'ಜೀವಂಧರ' ಎಂಬ ಹೆಸರಿನಲ್ಲಿ ಎತ್ತಿಕೊಂಡಿವೆ. ಈ ಪರಂಪರೆಯ ಕಥೆಯ ಆರಂಭದಲ್ಲಿ ಬರುವ ಮಯೂರಯಂತ್ರ ನಾನು ಬಲ್ಲ ಕಲ್ಪಿತ ಯಂತ್ರಗಳಲ್ಲೆಲ್ಲ ಅತ್ಯಂತ ಕರುಣಾಜನಕವಾದುದು.

ಹೇಮಾಂಗದ ದೇಶದ ಅರಸು ಸತ್ಯಂಧರ ತನ್ನ ರಾಣಿ ವಿಜಯೆಯ ಮೋಹದಲ್ಲಿ ಮುಳುಗಿ ರಾಜ್ಯಭಾರವನ್ನು ಕಾಷ್ಠಾಂಗಾರನಿಗೆ ಒಪ್ಪಿಸಿದ್ದಾನೆ. ರಾಣಿ ಕನಸೊಂದನ್ನು ಕಾಣುತ್ತಾಳೆ: ಅಶೋಕವೃಕ್ಷವೊಂದು ಉರುಳುತ್ತದೆ, ಅದರ ಎಡೆಯಲ್ಲಿ ಕಿರೀಟವನ್ನೂ ಎಂಟು ಮಾಲೆಗಳನ್ನೂ ಧರಿಸಿದ ಎಳೆಯ ಅಶೋಕ ಮೂಡುತ್ತದೆ. ಮಗ ಹುಟ್ಟುವನು, ಅವನಿಗೆ ಎಂಟು ಮಂದಿ ರಾಣಿಯರಾಗುವರು ಎಂದು ಅರಸ ಉಳಿದುದನ್ನೆಲ್ಲ ಬಿಡಿಸಿ ಹೇಳುತ್ತಾನೆ. ಉರುಳಿದ ಮರದ ಅರ್ಥವನ್ನು ಹೇಳಲು ತಡವರಿಸುತ್ತಾನೆ. ಆ ತಡವರಿಕೆಯೇ ಅವಳಿಗೆ ಉತ್ತರ. ತನ್ನ ಸಾವು ಖಚಿತವೆಂದರಿತ ಅರಸ ವಂಶದ ಕುಡಿಯನ್ನು ಉಳಿಸಲು ನವಿಲಿನ ಆಕಾರದ ಹಾರುವ ಯಂತ್ರವನ್ನು ಮಾಡಿಸುತ್ತಾನೆ. ಕಾಷ್ಠಾಂಗಾರ ದ್ರೋಹವೆಸಗಿ ಅರಮನೆಯನ್ನು ಮುತ್ತಿದ ದಿನ ತುಂಬು ಗರ್ಭಿಣಿಯನ್ನು ಅದರಲ್ಲಿ ಕುಳ್ಳಿರಿಸಿ ಕಳುಹಿಸಿ, ತಾನು ಯುದ್ಧದಲ್ಲಿ ಮಡಿಯುತ್ತಾನೆ. ನವಿಲು ಇಳಿಯುವುದು ಅದೇ ಊರಿನ ಸ್ಮಶಾನದಲ್ಲಿ. ಅಲ್ಲಿಯೇ ಜೀವಂಧರನ ಜನನ. ಸತ್ತ ತನ್ನ ಕೂಸನ್ನು ತಂದ ವರ್ತಕ ಗಂಧೋತ್ಕಟ ಈ ಬದುಕಿದ ಕೂಸನ್ನು ಎತ್ತಿಕೊಂಡು ಹೋಗುತ್ತಾನೆ.

ಇಲ್ಲಿ ಯಂತ್ರ ಸೋಲಲಿಲ್ಲ. ತನಗೆ ವಹಿಸಿದ ಕೆಲಸವನ್ನು ಮಾಡಿತು. ಆದರೆ ಅದರ ದಾರಿಯನ್ನು ಅಳೆದು ನೋಡಿದರೆ ಅರಮನೆಯಿಂದ ಸ್ಮಶಾನಕ್ಕೆ ಎಷ್ಟು ದೂರವೋ ಅಷ್ಟೇ. ಬೇರೆ ಕಥೆಗಳ ರಥಗಳು ನೂರಾರು ಯೋಜನ ಹಾರಿದವು. ಈ ನವಿಲಿಗೆ ಊರಿನ ಗಡಿಯನ್ನು ದಾಟಿಸುವಷ್ಟು ಮಾತ್ರ ಬಲ. ಅದನ್ನು ಮಾಡಿಸಿದವನು ತನಗಾಗಿ ಮಾಡಿಸಲಿಲ್ಲ. ಕಳೆದುಹೋದ ವಿವೇಕವನ್ನು, ಕೈಬಿಟ್ಟ ರಾಜಧರ್ಮವನ್ನು ಮರಳಿ ತರುವ ಯಂತ್ರವಿಲ್ಲವೆಂದು ಅವನಿಗೆ ಕೊನೆಗಾದರೂ ತಿಳಿದಿತ್ತು. ಗಂಡನನ್ನು ಬಿಟ್ಟು, ಸಿಂಹಾಸನವನ್ನು ಬಿಟ್ಟು, ಹುಟ್ಟಲಿರುವ ಒಂದು ಜೀವವನ್ನು ಮಾತ್ರ ಹೊತ್ತು ಅದು ಹಾರಿತು. ಮನುಷ್ಯಸಾಮರ್ಥ್ಯದ ಮಿತಿಯನ್ನು ಇದಕ್ಕಿಂತ ನಿಷ್ಠುರವಾಗಿ, ಇದಕ್ಕಿಂತ ಮೃದುವಾಗಿ ಹೇಳುವುದು ಕಷ್ಟ.

ಇಂಥ ಪ್ರಸಂಗವನ್ನು ಹಿಡಿದು 'ನೋಡಿ, ಆಗಲೇ ವಿಮಾನವಿತ್ತು' ಎನ್ನುವವನು ವಿಜಯೆಯ ಕಡೆಗೆ ಒಮ್ಮೆಯಾದರೂ ತಿರುಗಿ ನೋಡಿದ್ದಾನೆಯೆ?

೭

ಹೀಗೆ ಕೇಳಲು ಕಾರಣವಿದೆ. ೧೯೫೨ರಲ್ಲಿ ಎರಡು ಸಂಗತಿಗಳು ನಡೆದವು. ಆ ವರ್ಷ ಮದರಾಸಿನ ಡಾ. ವಿ. ರಾಘವನ್ ಅವರು ಪ್ರಾಚೀನ ಭಾರತದ ಯಂತ್ರಗಳನ್ನು ಕುರಿತ ಸಾಹಿತ್ಯದ ಆಧಾರಗಳನ್ನೆಲ್ಲ ಒಂದೆಡೆ ಕೂಡಿಸಿದ ಪ್ರಬಂಧ ಬೆಂಗಳೂರಿನಿಂದ ಪ್ರಕಟವಾಯಿತು. ಅದೇ ವರ್ಷ ಮೈಸೂರಿನ ಜಿ. ಆರ್. ಜೋಯಿಸರು ವೈಮಾನಿಕ ಶಾಸ್ತ್ರವೆಂಬ ಹಸ್ತಪ್ರತಿಯ ಸುದ್ದಿಯನ್ನು ಲೋಕಕ್ಕೆ ತಿಳಿಸಿದರು. ಮೊದಲನೆಯದು ವಿದ್ವಾಂಸರ ಕಪಾಟಿನಲ್ಲಿ ಉಳಿಯಿತು. ಎರಡನೆಯದು ಜಗತ್ತನ್ನೆಲ್ಲ ಸುತ್ತಿತು.

ವೈಮಾನಿಕ ಶಾಸ್ತ್ರವನ್ನು ಆನೇಕಲ್ಲಿನ ಪಂಡಿತ ಸುಬ್ಬರಾಯ ಶಾಸ್ತ್ರಿಗಳು ೧೯೧೮ರಿಂದ ೧೯೨೩ರ ವರೆಗೆ ಹೇಳಿ ಬರೆಯಿಸಿದರು; ಭರದ್ವಾಜ ಮಹರ್ಷಿಗಳದೆಂದು ಅದರ ಖ್ಯಾತಿ. ಚಿತ್ರಗಳನ್ನು ಬರೆದವರು ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜೊಂದರ ನಕಾಶೆಗಾರ ಎಲ್ಲಪ್ಪನವರು. ೧೯೭೪ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಎಚ್. ಎಸ್. ಮುಕುಂದ ಮತ್ತು ಅವರ ನಾಲ್ವರು ಸಹೋದ್ಯೋಗಿಗಳು ಇದನ್ನು ಪರೀಕ್ಷಿಸಿ, ಗ್ರಂಥ ೧೯೦೪ಕ್ಕಿಂತ ಹಿಂದಿನದಲ್ಲವೆಂದೂ ಅದರಲ್ಲಿ ವರ್ಣಿತವಾದ ಶಕುನ, ಸುಂದರ, ರುಕ್ಮ, ತ್ರಿಪುರ ವಿಮಾನಗಳಲ್ಲಿ ಯಾವುದೂ ಹಾರಲಾರದೆಂದೂ ತೋರಿಸಿದರು. ಮುಂಬಯಿಯ ಶಿವಕರ ಬಾಪೂಜಿ ತಳಪದೆಯವರು ೧೮೯೫ರಲ್ಲಿ ಚೌಪಾಟಿಯಲ್ಲಿ ವಿಮಾನ ಹಾರಿಸಿದರೆಂಬ ಕಥೆ ಆ ನಗರದಲ್ಲಿ ಇಂದಿಗೂ ಪ್ರಚಾರದಲ್ಲಿದೆ. ಶಾಸ್ತ್ರಿಗಳ ಮಾರ್ಗದರ್ಶನದಲ್ಲಿ ಅವರು ಮಾಡಿದ ಮಾದರಿಗಳು ಹಾರಲಿಲ್ಲವೆಂದು ೧೯೭೪ರ ಅದೇ ಲೇಖನ ತಿಳಿಸುತ್ತದೆ. ಇಷ್ಟಾದರೂ ೨೦೧೫ರ ಜನವರಿಯಲ್ಲಿ ಮುಂಬಯಿ ವಿಶ್ವವಿದ್ಯಾಲಯದಲ್ಲಿ ನಡೆದ ೧೦೨ನೆಯ ಭಾರತೀಯ ವಿಜ್ಞಾನ ಕಾಂಗ್ರೆಸ್ಸಿನಲ್ಲಿ ಪ್ರಾಚೀನ ವಿಮಾನವಿದ್ಯೆಯ ಮೇಲೆ ಪ್ರಬಂಧವೊಂದು ಮಂಡಿತವಾಯಿತು.

ಶಾಸ್ತ್ರಿಗಳನ್ನು ಮೋಸಗಾರರೆಂದು ಜರೆಯುವುದು ನನ್ನ ಉದ್ದೇಶವಲ್ಲ. ಪರಾಧೀನ ದೇಶದ ಒಬ್ಬ ಸಂಸ್ಕೃತ ಪಂಡಿತನಿಗೆ, ಪಶ್ಚಿಮದವರ ವಿಮಾನಗಳ ಸುದ್ದಿ ಕೇಳಿಬರುತ್ತಿದ್ದ ಕಾಲದಲ್ಲಿ, ತನ್ನ ಭಾಷೆಯಲ್ಲಿಯೂ ಆ ವಿದ್ಯೆ ಇರಬೇಕೆಂಬ ಹಂಬಲ ಹುಟ್ಟಿದ್ದರೆ ಅದು ಸಹಜ, ಅನುಕಂಪಕ್ಕೂ ಅರ್ಹ. ಅದನ್ನು ಇಪ್ಪತ್ತನೆಯ ಶತಮಾನದ ಒಂದು ಬಯಕೆಯ ಗ್ರಂಥವೆಂದು ಓದಿದರೆ ನಮಗೆ ಲಾಭವಿದೆ. ಆದರೆ ಸಾಹಿತ್ಯದ ದೃಷ್ಟಿಯಿಂದ ಅದರ ಕೊರತೆ ಒಂದೇ ಮಾತಿನಲ್ಲಿ ಹೇಳುವಂಥದು: ಅಲ್ಲಿಯ ವಿಮಾನಗಳಿಗೆ ಮಿತಿಯಿಲ್ಲ. ಅವು ಅದೃಶ್ಯವಾಗುತ್ತವೆ, ವೈರಿಯ ಮಾತನ್ನು ಕೇಳುತ್ತವೆ, ಎಲ್ಲವನ್ನೂ ಮಾಡುತ್ತವೆ. ಅವುಗಳನ್ನೇರಿದ ಮನುಷ್ಯನ ಸುಖದುಃಖದ ಸುಳಿವೇ ಇಲ್ಲ. ಸತ್ಯಂಧರನ ನವಿಲು ಸ್ಮಶಾನದ ತನಕ ಹಾರಿ ನಮ್ಮ ಹೃದಯದಲ್ಲಿ ಇಳಿದಿದೆ. ಲೋಕಗಳನ್ನು ಸುತ್ತುವ ಈ ವಿಮಾನಗಳು ಎಲ್ಲಿಯೂ ಇಳಿದಿಲ್ಲ.

೮

ಒಂದು ಆಕ್ಷೇಪಕ್ಕೆ ಉತ್ತರ ಕೊಡಬೇಕಾಗಿದೆ. ಬಯಕೆಯಿಲ್ಲದೆ ಶೋಧವಿಲ್ಲ, ಹಾರುವ ಕನಸನ್ನು ಕಾಣದಿದ್ದರೆ ವಿಮಾನವೇ ಬರುತ್ತಿರಲಿಲ್ಲ, ಹೀಗಿರುವಲ್ಲಿ ಮಿತಿಯ ಮಾತನ್ನೇ ಹಿಡಿದು ಕೂಡುವುದು ಹಿಂದೇಟಿನ ಲಕ್ಷಣವಲ್ಲವೆ, ಎಂದು ಕೇಳಬಹುದು. ಬಯಕೆ ಬೇಕೆಂಬುದು ನಿರ್ವಿವಾದ. ಆದರೆ ಆ ಬಯಕೆಯನ್ನು ನಿಜಮಾಡಿದವರ ರೀತಿಯನ್ನು ನೋಡಬೇಕು. ರೈಟ್ ಸಹೋದರರು ೧೯೦೧ರಲ್ಲಿ ತಮ್ಮ ಗಾಳಿತೇಲುಗ ಎಣಿಸಿದಷ್ಟು ಎತ್ತಲಿಲ್ಲವೆಂದು ಕಂಡು, ಅಲ್ಲಿಯ ತನಕ ನಂಬಿದ್ದ ಅಂಕಿಗಳನ್ನು ಸಂಶಯಿಸಿ, ತಾವೇ ಒಂದು ಗಾಳಿಪೆಟ್ಟಿಗೆಯನ್ನು ಮಾಡಿ ರೆಕ್ಕೆಯ ಆಕಾರಗಳನ್ನು ಒಂದೊಂದಾಗಿ ಅಳೆದರು. ೧೯೦೩ರ ಡಿಸೆಂಬರ್ ೧೭ರಂದು ಅವರ ಮೊದಲ ಹಾರಾಟ ೧೨ ಸೆಕೆಂಡು, ೧೨೦ ಅಡಿ. ಅವರು ಆ ೧೨೦ ಅಡಿಗಳನ್ನು ಯೋಜನವೆಂದು ಬರೆಯಲಿಲ್ಲ. ತನ್ನ ಅಳವನ್ನು ಒಪ್ಪಿಕೊಳ್ಳುವುದರಲ್ಲಿ ಒಳ್ಳೆಯ ಕಥೆಗಾರನೂ ಒಳ್ಳೆಯ ಶೋಧಕನೂ ಒಂದೇ ಗೋತ್ರದವರು. ಆ ಗೋತ್ರಕ್ಕೆ ಸೇರದವನು ಜಂಬಗಾರನೊಬ್ಬನೇ.

ಮೇಲಾಗಿ ಎಲ್ಲೆ ಇದ್ದಲ್ಲಿಯೇ ನಿಲ್ಲುವುದಿಲ್ಲ. ಸೋಮಪ್ರಭೆಯ ಬುಟ್ಟಿಯಲ್ಲಿಯ ಮಾತಾಡುವ ಬೊಂಬೆ ಈಗ ಬಂದಿದೆ. ೨೦೨೨ರಿಂದೀಚೆಗೆ ಕೇಳಿದ ಪ್ರಶ್ನೆಗೆ ವಾಕ್ಯಗಳಲ್ಲಿ ಉತ್ತರ ಕೊಡುವ ಯಂತ್ರಗಳು ಜನಸಾಮಾನ್ಯರ ಕೈಗೆ ಬಂದಿವೆ. ಕನ್ನಡದಲ್ಲಿಯೂ ಅವು ಬರೆಯುತ್ತವೆ. ಮಾತಿಲ್ಲದುದರಿಂದ ನಿರ್ಜೀವವೆಂದು ಗುರುತಿಸುವ ನರವಾಹನದತ್ತನ ಒರೆಗಲ್ಲು ಇನ್ನು ನಡೆಯದು. ಹಾಗಾದರೆ ರಾಜ್ಯಧರನ ಒಂಟಿತನ ತೀರಿತೆ? ಉತ್ತರ ಬರುವುದಕ್ಕೂ ಒಬ್ಬರು ಕೇಳಿಸಿಕೊಳ್ಳುವುದಕ್ಕೂ ಭೇದವಿದೆಯೆ? ಇದ್ದರೆ ಅದು ಯಾವುದರಲ್ಲಿದೆ? ಈ ಪ್ರಶ್ನೆಗಳನ್ನು ಎದುರಿಸಲು ಬೇಕಾದ ಸಿದ್ಧತೆ ಆ ಮರದ ನಗರದ ಕಥೆಯಲ್ಲಿಯೇ ಇದೆ. ಆ ಕಥೆಯನ್ನು ಪ್ರಾಚೀನರ ಯಂತ್ರಕೌಶಲಕ್ಕೆ ಪ್ರಮಾಣಪತ್ರವಾಗಿ ಬಳಸಿ ಮುಗಿಸಿದವನಿಗೆ ಅದು ಈ ಹೊತ್ತಿನಲ್ಲಿ ಒದಗುವುದಿಲ್ಲ.

ಹೊರನಾಡಿನಲ್ಲಿ ನಮ್ಮ ಮಕ್ಕಳಿಗೆ ನಾವು ಏನನ್ನು ದಾಟಿಸಬೇಕೆಂಬ ಚಿಂತೆ ನಮ್ಮೆಲ್ಲರದು. ಹಾರದ ವಿಮಾನಗಳ ಹೆಮ್ಮೆಯನ್ನು ದಾಟಿಸಿದರೆ, ವಿಜ್ಞಾನದ ಮೊದಲ ಪಾಠದಲ್ಲಿಯೇ ಅವರು ಅದನ್ನು ಕಳಚಿ ಎಸೆಯುತ್ತಾರೆ. ಜೊತೆಗೆ ಕಥೆಗಳನ್ನೂ ಎಸೆಯುತ್ತಾರೆ. ಭಾಸ್ಕರನ ಜೀವಂಧರಚರಿತೆಯನ್ನು ಅವರ ಮುಂದೆ ಓದಿ ಅರ್ಥ ಹೇಳಬಲ್ಲವರು ನಮ್ಮ ಸಂಘಗಳಲ್ಲಿ ಇನ್ನೂ ಇದ್ದಾರೆ. ಕನ್ನಡದ ಜೀವಂಧರ ಕಾವ್ಯಗಳಲ್ಲಿಯ ಮಯೂರಯಂತ್ರದ ಪ್ರಸಂಗಗಳನ್ನು ಸಂಸ್ಕೃತ, ತಮಿಳು ಪಾಠಗಳೊಡನೆ ಹೋಲಿಸಿ ನೋಡುವ ಕೆಲಸವನ್ನು ತರುಣ ಅಭ್ಯಾಸಿಗಳು ಕೈಗೆತ್ತಿಕೊಳ್ಳಬೇಕೆಂದು ಪ್ರಾರ್ಥಿಸುತ್ತೇನೆ. ಮುಂದಿನ ಸಭೆಯಲ್ಲಿ ಯಾರಾದರೂ ಎದ್ದು ಆ ಹಳೆಯ ವಾಕ್ಯವನ್ನು ಹೇಳಿದರೆ, ಚಪ್ಪಾಳೆಗೆ ಮೊದಲು ಅವರನ್ನು ವಿನಯದಿಂದ ಒಂದು ಪ್ರಶ್ನೆ ಕೇಳೋಣ: ಆ ಯಂತ್ರದಲ್ಲಿ ಕುಳಿತವರು ಯಾರು, ಅವರು ಬಿಟ್ಟುಹೋದುದೇನು?